ಒಂದು ಅಂಕದ ಹೆಂಗಸರು

ನಮ್ಮ ಚರಿತ್ರೆ, ವಿಜ್ಞಾನದ ಪುಸ್ತಕಗಳಲ್ಲಿ ಬಹುಪಾಲು ಪಾಠಗಳೆಲ್ಲ ಗಂಡಸರಿಗೆ ಸೇರಿದ್ದು. ಹೆಂಗಸರಿಗೆ ಸಿಗುವುದು ಪಾಠ ಮುಗಿದ ಮೇಲೆ ಮೂಲೆಯಲ್ಲೊಂದು ಚೌಕಟ್ಟು. ‘ನಿಮಗಿದು ಗೊತ್ತೇ?’ ಎಂಬುದು ಅದರ ತಲೆಬರಹ. ಆ ಚೌಕಟ್ಟು ಈಗ ಪಠ್ಯಪುಸ್ತಕ ದಾಟಿ ಭಾನುವಾರದ ಪುರವಣಿಗೆ, ರಸಪ್ರಶ್ನೆಯ ಪುಸ್ತಕಕ್ಕೆ, ಬೆಳಗಾದರೆ ಮೊಬೈಲಿಗೆ ಬರುವ ಶುಭೋದಯದ ಸಂದೇಶಕ್ಕೂ ಬಂದು ಕೂತಿದೆ. ಮೂರು ದಶಕ ಮಕ್ಕಳಿಗೆ ಪಾಠ ಹೇಳಿದ ನನಗೆ ಈ ಚೌಕಟ್ಟಿನ ಮೇಲೆ ಸಿಟ್ಟಿದೆ. ಕಾರಣ ಹೇಳುತ್ತೇನೆ.

‘ಟೋಪಿಯ ಪಿನ್ನಿನಿಂದ ಮೋಟಾರು ಗಾಡಿ ರಿಪೇರಿ ಮಾಡಿದ ಮಹಿಳೆ ಯಾರು?’ ಎಂದು ಕೇಳುತ್ತಾರೆ. ಬರ್ತಾ ಬೆಂಜ್ ಎಂದರೆ ಸರಿ, ಒಂದು ಅಂಕ. ಎಲ್ಲರೂ ನಕ್ಕು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ನಡೆದದ್ದೇನು? ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಮೋಟಾರು ಗಾಡಿಗೆ ಪೇಟೆಂಟ್ ಪಡೆದ. ಆದರೆ ಕೊಳ್ಳುವವರಿರಲಿಲ್ಲ, ಕುದುರೆಯಿಲ್ಲದ ಗಾಡಿಯನ್ನು ಜನ ನಂಬಲಿಲ್ಲ. 1888ರ ಆಗಸ್ಟಿನ ಒಂದು ಬೆಳಗಿನ ಜಾವ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಆ ಮೂರು ಚಕ್ರದ ಗಾಡಿಯಲ್ಲಿ ಹೊರಟೇಬಿಟ್ಟಳು. ಹೋದದ್ದೆಲ್ಲಿಗೆ ಗೊತ್ತೇ? ತವರಿಗೆ! ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಪೆಟ್ರೋಲ್ ಬಂಕ್ ಎಂಬುದು ಲೋಕದಲ್ಲಿ ಇನ್ನೂ ಹುಟ್ಟಿರಲಿಲ್ಲ. ಬಟ್ಟೆಯ ಕಲೆ ತೆಗೆಯಲು ಔಷಧಿ ಅಂಗಡಿಯಲ್ಲಿ ಮಾರುತ್ತಿದ್ದ ಲಿಗ್ರಾಯಿನ್ ಎಂಬ ದ್ರವವನ್ನು ಕೊಂಡು ಗಾಡಿಗೆ ಸುರಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ಹಾಕಿ ಬಿಡಿಸಿದಳು. ಬ್ರೇಕು ಸವೆದಾಗ ಚಪ್ಪಲಿ ಹೊಲಿಯುವವನ ಹತ್ತಿರ ಅದಕ್ಕೆ ಚರ್ಮ ಹೊಡೆಸಿದಳು. ಏರು ಬಂದಲ್ಲಿ ಮಕ್ಕಳು ಇಳಿದು ತಳ್ಳಿದರು. ಹಿಂದಿರುಗಿ ಬಂದು ಏರಿಗೆಂದೇ ಇನ್ನೊಂದು ಗೇರು ಬೇಕೆಂದು ಗಂಡನಿಗೆ ಹೇಳಿದಳು.

ಆ ಪ್ರಯಾಣ ಯಂತ್ರದ ಪರೀಕ್ಷೆಯೂ ಆಯಿತು, ಜಾಹೀರಾತೂ ಆಯಿತು. ಅದಕ್ಕೂ ಮೊದಲು, ಮದುವೆಗೆ ಮುಂಚೆಯೇ, ತನ್ನ ವರದಕ್ಷಿಣೆಯ ಹಣವನ್ನು ಆತನ ಕಾರ್ಖಾನೆಗೆ ಕೊಟ್ಟು ಅದನ್ನು ಉಳಿಸಿದವಳೂ ಅವಳೇ. ಪೇಟೆಂಟಿನಲ್ಲಿ ಇರುವುದು ಗಂಡನ ಹೆಸರು. ಚೌಕಟ್ಟು ಅವಳಿಗೆ ಉಳಿಸಿಕೊಟ್ಟದ್ದು ಪಿನ್ನೊಂದನ್ನೇ. ಹೆಂಗಸಿನ ಬುದ್ಧಿ, ಹಣ, ಧೈರ್ಯ ಯಾವುದೂ ಲೆಕ್ಕಕ್ಕಿಲ್ಲ. ಅವಳ ಅಲಂಕಾರದ ಸಾಮಾನು ಮಾತ್ರ ನೆನಪಿಗೆ ಬರುತ್ತದೆ.

ಇನ್ನು ಕೆಲವು ಚೌಕಟ್ಟುಗಳು ಸುಳ್ಳನ್ನೇ ಹೊತ್ತು ತಿರುಗುತ್ತವೆ. ‘ರೊಟ್ಟಿಯಿಲ್ಲದಿದ್ದರೆ ಕೇಕು ತಿನ್ನಲಿ’ ಎಂದು ಹಸಿದ ಜನರ ಬಗ್ಗೆ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಹೇಳಿದಳೆಂದು ನಾವೆಲ್ಲ ಕೇಳಿದ್ದೇವೆ. ಅವಳು ಹಾಗೆ ಹೇಳಿದ್ದಕ್ಕೆ ಆಧಾರವೇ ಇಲ್ಲ. ಅಂಥ ಮಾತನ್ನು ಯಾರೋ ಒಬ್ಬ ರಾಜಕುಮಾರಿ ಆಡಿದಳೆಂದು ರೂಸೋ ತನ್ನ ಆತ್ಮಕಥೆಯಲ್ಲಿ ಬರೆದದ್ದು 1760ರ ದಶಕದಲ್ಲಿ. ಆಗ ಈಕೆ ಆಸ್ಟ್ರಿಯಾದಲ್ಲಿದ್ದ ಪುಟ್ಟ ಹುಡುಗಿ. ಫ್ರಾನ್ಸಿಗೆ ಸೊಸೆಯಾಗಿ ಬಂದದ್ದು 1770ರಲ್ಲಿ. 1793ರಲ್ಲಿ ಅವಳ ತಲೆ ಕಡಿದರು. ಅವಳು ಒಳ್ಳೆಯ ರಾಣಿಯಾಗಿದ್ದಳೆಂದು ನಾನು ವಾದಿಸುತ್ತಿಲ್ಲ. ಆಡದ ಮಾತನ್ನು ಇನ್ನೂರು ವರ್ಷ ಒಬ್ಬಳ ಬಾಯಿಗೆ ತುರುಕುವುದು ಯಾವ ಜ್ಞಾನ?

ದೂರದ ಮಾತು ಬಿಡಿ, ನಮ್ಮ ಬೆಂಗಳೂರಿಗೇ ಬನ್ನಿ. ‘ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಯಾರು?’ ಪುಸ್ತಕದ ಉತ್ತರ ಕಮಲಾ ಸೊಹೊನಿ, ಕೇಂಬ್ರಿಜ್, 1939. ಸಸ್ಯಶಾಸ್ತ್ರದ ಜಾನಕಿ ಅಮ್ಮಾಳ್ ಅಮೆರಿಕದ ಮಿಷಿಗನ್‌ನಲ್ಲಿ 1931ರಲ್ಲೇ ಡಾಕ್ಟರೇಟ್ ಪಡೆದಿದ್ದರಲ್ಲ ಎಂದು ಯಾರಾದರೂ ಎದ್ದು ನಿಂತರೆ ಜಗಳ ಶುರು. ಯಾರು ಮೊದಲು ಎಂಬ ಈ ಜಗಳದಲ್ಲಿ, ಜಾನಕಿಯವರು ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ಮಾಡಿದ ಕೆಲಸವನ್ನು ಯಾರೂ ಕೇಳುವುದಿಲ್ಲ.

ಕಮಲಾ ಅವರ ಕಥೆಯನ್ನಂತೂ ಕೇಳಲೇಬೇಕು. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿಎಸ್ಸಿಯಲ್ಲಿ ಮೊದಲ ಸ್ಥಾನ ಪಡೆದು, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದವರು ನೊಬೆಲ್ ಪಡೆದ ಸರ್ ಸಿ.ವಿ. ರಾಮನ್. ಹುಡುಗಿ ಎಂಬ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಆಕೆ ಸುಮ್ಮನೆ ಊರಿಗೆ ಹೋಗಲಿಲ್ಲ, ಹಟ ಹಿಡಿದು ಕೂತರು. ಕೊನೆಗೆ ಷರತ್ತಿನ ಮೇಲೆ ಒಪ್ಪಿದರು: ಒಂದು ವರ್ಷ ರೆಗ್ಯುಲರ್ ವಿದ್ಯಾರ್ಥಿನಿಯಲ್ಲ, ಗುರುಗಳು ಹೇಳಿದರೆ ರಾತ್ರಿಯೂ ದುಡಿಯಬೇಕು, ಗಂಡುಹುಡುಗರ ಗಮನ ಕೆಡಿಸಬಾರದು. ಆ ಅವಮಾನ ನುಂಗಿ ಶ್ರೀನಿವಾಸಯ್ಯನವರ ಕೈಕೆಳಗೆ ಹಾಲಿನ, ಬೇಳೆಕಾಳಿನ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು. ವರ್ಷ ಕಳೆಯುವುದರಲ್ಲಿ ರಾಮನ್ ಅವರಿಗೆ ಆಕೆಯ ಯೋಗ್ಯತೆ ಕಂಡಿತು. ಅಲ್ಲಿಂದಾಚೆ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು. ಮುಂದೆ ನೀರಾದ ಪೌಷ್ಟಿಕ ಗುಣಗಳ ಮೇಲೆ ಆಕೆ ಮಾಡಿದ ಕೆಲಸಕ್ಕೆ ರಾಷ್ಟ್ರಪತಿಗಳ ಪ್ರಶಸ್ತಿಯೂ ಬಂತು.

ಒಂಬತ್ತನೇ ತರಗತಿಯಲ್ಲಿ ಒಮ್ಮೆ ಇದನ್ನೆಲ್ಲ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಆಮೇಲೆ ಅವರಿಗೆ ಯಾರಾದರೂ ಸಾರಿ ಕೇಳಿದ್ರಾ ಮಿಸ್?” ಎಂದಳು. ಯಾವ ರಸಪ್ರಶ್ನೆಯ ಪುಸ್ತಕದಲ್ಲೂ ಇಲ್ಲದ ಪ್ರಶ್ನೆ ಅದು. ಆ ಹುಡುಗಿ ಎಂದೂ ಕೈಯೆತ್ತಿದವಳಲ್ಲ. ‘ಮೊದಲ ಮಹಿಳೆ ಯಾರು’ ಎಂದಷ್ಟೇ ಕೇಳಿದ್ದರೆ ಅವತ್ತೂ ಎತ್ತುತ್ತಿರಲಿಲ್ಲ.

ಇಂಥ ಚಿಕ್ಕಪುಟ್ಟ ಸಂಗತಿಗಳಿಂದಲೇ ಅಲ್ಲವೇ ಮಕ್ಕಳಿಗೆ ಆಸಕ್ತಿ ಹುಟ್ಟುವುದು ಎನ್ನುವವರಿದ್ದಾರೆ. ನಿಜವೇ. ಉಪ್ಪಿನಕಾಯಿ ಯಾರಿಗೆ ಬೇಡ? ಅದು ಎಲೆಯ ತುದಿಯಲ್ಲಿದ್ದರೆ ಚೆಂದ. ಅನ್ನ ಬಡಿಸದೆ ಉಪ್ಪಿನಕಾಯಿಯನ್ನೇ ಬಡಿಸಿ ಊಟವಾಯಿತು ಏಳಿ ಎಂದರೆ ಹೊಟ್ಟೆ ತುಂಬುತ್ತದೆಯೇ? ಅದರಲ್ಲೂ ಗಂಡುಮಕ್ಕಳ ಎಲೆಗೆ ಅನ್ನ, ಹೆಣ್ಣುಮಕ್ಕಳ ಎಲೆಗೆ ಉಪ್ಪಿನಕಾಯಿ ಎಂಬ ಪಂಕ್ತಿಭೇದವಾದರೆ?

‘ಮೊದಲ ಮಹಿಳೆ’ ಎಂದು ಓದಿದಾಗಲೆಲ್ಲ ಕೇಳಬೇಕಾದ ಎರಡನೆಯ ಪ್ರಶ್ನೆಯೊಂದಿದೆ: ಅಲ್ಲಿಯವರೆಗೆ ಯಾಕೆ ಯಾರೂ ಇರಲಿಲ್ಲ? ಬಾಗಿಲಲ್ಲಿ ನಿಂತು ತಡೆದವರು ಯಾರು? ಈ ಪ್ರಶ್ನೆ ಕೇಳಿದರೆ ದೊಡ್ಡವರ ಗೌರವಕ್ಕೆ ಕುಂದೆಂದು ಹೆದರಬೇಕಿಲ್ಲ. ರಾಮನ್ ಅವರ ವಿಜ್ಞಾನ ದೊಡ್ಡದೇ. ಆ ನಿರಾಕರಣೆ ತಪ್ಪೇ. ಎರಡನ್ನೂ ಒಟ್ಟಿಗೆ ತಿಳಿಯುವಷ್ಟು ಬುದ್ಧಿ ನಮ್ಮ ಮಕ್ಕಳಿಗಿದೆ.

ಪ್ರತಿ ಫೆಬ್ರವರಿ 28ಕ್ಕೆ ರಾಷ್ಟ್ರೀಯ ವಿಜ್ಞಾನ ದಿನ ಬರುತ್ತದೆ. ನಿಮ್ಮ ಮಗಳೋ ಮೊಮ್ಮಗಳೋ ರಸಪ್ರಶ್ನೆಗೆ ಬಾಯಿಪಾಠ ಮಾಡುತ್ತ ಕೂತಿರುತ್ತಾಳೆ. ರಾಮನ್ ಪರಿಣಾಮ ಕಂಡುಹಿಡಿದದ್ದು ಯಾವ ವರ್ಷ ಎಂದು ಕೇಳಿ, 1928 ಎನ್ನುತ್ತಾಳೆ. ಆಮೇಲೆ, ರಾಮನ್ ಅವರ ಸಂಸ್ಥೆಯಲ್ಲಿ ಹುಡುಗಿಯರಿಗೆ ಜಾಗ ಸಿಕ್ಕಿದ್ದು ಯಾರ ಹಟದಿಂದ ಎಂದೂ ಕೇಳಿ. ಅವಳಿಗೆ ಗೊತ್ತಿಲ್ಲದಿದ್ದರೆ ಪುಸ್ತಕ ಮುಚ್ಚಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಹೇಳಿ. ಅದಕ್ಕೆ ಒಂದು ಅಂಕ ಸಾಲದು.