ಒಂದು ದಿನ ಹೆಚ್ಚು ಉಳಿದರೆ ಯಾರ ಗಂಟು ಹೋಯಿತು?

ಕಚೇರಿಯ ಕೆಲಸಕ್ಕೆಂದು ಪರದೇಶಕ್ಕೆ ಹೋದವನು ಕೆಲಸ ಮುಗಿದ ಮೇಲೆ ಒಂದು ದಿನ ಅಲ್ಲಿಯೇ ಉಳಿದು ಊರು ನೋಡಿ ಬರುವುದು ತಪ್ಪೇ? ತಪ್ಪಲ್ಲ ಎಂಬುದು ನನ್ನ ವಾದ. ಅಷ್ಟೇ ಅಲ್ಲ, ಹಾಗೆ ಉಳಿಯದೆ ಬರುವುದೇ ಒಂದು ಬಗೆಯ ದಾರಿದ್ರ್ಯ ಎನ್ನುವವರೆಗೂ ನಾನು ಹೋಗಬಲ್ಲೆ. ನಮ್ಮ ಕಾಸರಗೋಡಿನ ಕಡೆ ಇದನ್ನು ಒಪ್ಪುವವರು ಕಡಿಮೆ. ಒಂದು ಗುಂಪಿನವರು ಸಂಸ್ಥೆಯ ಅನ್ನ ಉಂಡು ಸ್ವಂತ ಮೋಜು ಮಾಡಬಾರದು ಎನ್ನುತ್ತಾರೆ. ಇನ್ನೊಂದು ಗುಂಪಿನವರು ಏನೂ ಹೇಳುವುದಿಲ್ಲ. ತರಬೇಕಾದ ಸಾಮಾನಿನ ಪಟ್ಟಿಯನ್ನು ಮಾತ್ರ ಕೈಗೆ ಕೊಡುತ್ತಾರೆ. ಎರಡೂ ಗುಂಪಿನವರು ಈ ವಾರ್ಷಿಕದ ಓದುಗರೇ ಆದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತ. ಕೆಲವು ವರ್ಷಗಳ ಹಿಂದೆ ದುಬೈಯಲ್ಲಿ ನಮ್ಮ ಭಾಗದ ಅನಿವಾಸಿ ಠೇವಣಿದಾರರ ಸಭೆಗೆ ಮೇಲಧಿಕಾರಿಗಳ ಜೊತೆ ನನ್ನನ್ನೂ ಕಳುಹಿಸಿದರು. ಗುಮಾಸ್ತನಿಗೆ ಈ ಯೋಗ ಬಂದದ್ದು ಹುದ್ದೆಯಿಂದಲ್ಲ, ನಾಲಿಗೆಯಿಂದ. ಕನ್ನಡ, ಮಲಯಾಳ, ತುಳು, ಬ್ಯಾರಿ ನಾಲ್ಕರಲ್ಲೂ ಗಿರಾಕಿಯ ಜೊತೆ ಮಾತಾಡಬಲ್ಲವನು ಆ ಶಾಖೆಯಲ್ಲಿ ನಾನೊಬ್ಬನೇ ಇದ್ದೆ. ಗಡಿನಾಡಿನಲ್ಲಿ ಹುಟ್ಟಿದ್ದರ ಲಾಭ ಜೀವಮಾನದಲ್ಲಿ ಒಮ್ಮೆಯಾದರೂ ಸಿಕ್ಕಿತು ಎಂದುಕೊಂಡೆ. ಕೆಲಸ ಮೂರು ದಿನದ್ದು. ನಾಲ್ಕನೆಯ ದಿನಕ್ಕೆ ಹೊರಡುವ ಮೊದಲೇ ರಜೆ ಬರೆದುಕೊಟ್ಟೆ. ಆ ರಾತ್ರಿಯ ಕೋಣೆಯ ಬಾಡಿಗೆಯನ್ನು ನಾನೇ ತೆತ್ತೆ. ದಿನಭತ್ಯೆಯನ್ನು ಮೂರು ದಿನಕ್ಕೆ ಮಾತ್ರ ಬರೆದೆ. ಟಿಕೆಟಿನ ದರ ಎರಡೂ ದಿನ ಒಂದೇ ಇತ್ತು. ಇಷ್ಟಾದರೂ ಊರಿಗೆ ಬಂದಾಗ ವಾಚನಾಲಯದಲ್ಲಿ ಹಿರಿಯರೊಬ್ಬರು, "ಬ್ಯಾಂಕಿನ ಖರ್ಚಿನಲ್ಲಿ ಒಳ್ಳೆ ಮಜಾ ಮಾಡಿ ಬಂದಿರಂತೆ ಮಾರಾಯ್ರೆ!" ಎಂದರು. ಅಧಿಕಾರಿಗಳು ಮೂರನೆಯ ದಿನದ ಮಧ್ಯಾಹ್ನವೇ ಸಭೆ ಮುಗಿಸಿ ಬುರ್ಜ್ ಖಲೀಫಾ ಹತ್ತಿ ಫೋಟೋ ತೆಗೆಸಿಕೊಂಡದ್ದು ಮಾತ್ರ 'ವ್ಯವಹಾರ ಪ್ರವಾಸ'ದ ವರದಿಯಲ್ಲಿ ಮರ್ಯಾದೆಯಿಂದ ಅಚ್ಚಾಯಿತು.

ಮೋಸ ಎಲ್ಲಿದೆ ಎಂಬುದು ನನಗೂ ಗೊತ್ತು, ಅದನ್ನು ಸಮರ್ಥಿಸಲು ನಾನು ಬಂದಿಲ್ಲ. ದೇಶದೊಳಗಿನ ಊರಿಗೆ ಹೋಗಿಬರಲು ನೌಕರರಿಗೆ ಕೊಡುವ ಪ್ರಯಾಣ ರಿಯಾಯಿತಿಯನ್ನು ಹಿಡಿದುಕೊಂಡು ಕೊಲಂಬೊ, ಕೌಲಾಲಂಪುರ, ಸಿಂಗಪುರ ಸುತ್ತಿ, ನೆಪಕ್ಕೆ ಮಧುರೆಯನ್ನೂ ಮುಟ್ಟಿ ಬಂದ ಬ್ಯಾಂಕು ನೌಕರರಿದ್ದರು. ಪರದೇಶ ಸುತ್ತಿದ ಇಂಥ ಯಾತ್ರೆಗೆ ಆದಾಯ ತೆರಿಗೆಯ ವಿನಾಯಿತಿ ಇಲ್ಲವೆಂದು 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸರಿಯಾಗಿಯೇ ಹೇಳಿತು. ಅಲ್ಲಿ ತಪ್ಪಾದದ್ದು ಸಿಂಗಪುರವನ್ನು ನೋಡಿದ್ದಲ್ಲ ಸ್ವಾಮೀ, ನೋಡಿದ್ದನ್ನು ಮಧುರೆಯ ಲೆಕ್ಕಕ್ಕೆ ಬರೆದದ್ದು. ಎರಡು ಖಾತೆ ಬೇರೆ ಬೇರೆ ಇರುವಾಗ ಒಂದೇ ಮನುಷ್ಯ ಎರಡರಲ್ಲೂ ವ್ಯವಹಾರ ಮಾಡಬಹುದು. ಇದು ಗೊತ್ತಿಲ್ಲದವನು ಯಾವ ಬ್ಯಾಂಕಿನಲ್ಲೂ ಇಲ್ಲ.

ಇನ್ನು ಪಟ್ಟಿಯವರ ವಿಷಯ. ನಾನು ಹೊರಡುವ ಸುದ್ದಿ ತಿಳಿದ ವಾರದೊಳಗೆ ಅತ್ತರು, ಹಾಲಿನ ಪುಡಿ, ಖರ್ಜೂರ, ಮೊಣಕಾಲಿನ ಎಣ್ಣೆ ಎಲ್ಲಕ್ಕೂ ಬೇಡಿಕೆ ಬಂತು. ಸೋದರತ್ತೆಯೊಬ್ಬರು ಮೊಮ್ಮಗಳ ಮದುವೆಗೆ ಎರಡು ಬಳೆ ತರಬೇಕೆಂದರು. ಸುಂಕವಿಲ್ಲದೆ ಒಡವೆ ತರುವ ರಿಯಾಯಿತಿ ಇರುವುದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದು ಬರುವವರಿಗೆ, ನಾಲ್ಕು ದಿನದ ನನಗಲ್ಲ ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. "ಕೈಯಲ್ಲಿ ಹಾಕಿಕೊಂಡು ಬಾ" ಎಂದರು. ನನ್ನ ಕೈಗೆ ಬಳೆ! ನಗು ಬರುತ್ತದೆ, ಆದರೆ ಇದರ ಹಿಂದಿರುವುದು ನಗುವ ಸಂಗತಿಯಲ್ಲ. ಐವತ್ತು ವರ್ಷಗಳಿಂದ ನಮ್ಮ ಮನೆಗಳಿಗೆ ಕೊಲ್ಲಿ ದೇಶವೆಂದರೆ ಹಗ್ಗ ಬಿಗಿದ ಪೆಟ್ಟಿಗೆ. ಆ ಪೆಟ್ಟಿಗೆ ಎಂಥ ಊರಿನಿಂದ ಬಂತು, ಅಲ್ಲಿ ಸಂಜೆ ಹೇಗಿರುತ್ತದೆ ಎಂದು ಯಾರೂ ಕೇಳಲಿಲ್ಲ.

ನಾಲ್ಕನೆಯ ದಿನ ನಾನು ಮಾಡಿದ ಮಜಾ ಇಷ್ಟು. ಬೆಳಿಗ್ಗೆ ಬರ್ ದುಬೈಯ ಹಳೆಯ ಓಣಿಗಳಲ್ಲಿ ಗಾಳಿಗೋಪುರದ ಮನೆಗಳನ್ನು ನೋಡುತ್ತಾ ನಡೆದೆ. ಒಂದು ದಿರ್ಹಮು ಕೊಟ್ಟು ಅಬ್ರಾ ಎನ್ನುವ ದೋಣಿಯಲ್ಲಿ ಖೋರಿನ ಆಚೆ ದಡದ ದೇರಾಕ್ಕೆ ಹೋದೆ. ಇರಾನಿಗೂ ಸೊಮಾಲಿಯಕ್ಕೂ ಹೋಗುವ ಮರದ ಹಡಗುಗಳಿಗೆ ಟಯರು, ಫ್ರಿಜ್ಜು ತುಂಬಿಸುವುದನ್ನು ನೋಡುತ್ತಾ ಬಹಳ ಹೊತ್ತು ನಿಂತೆ. ನಮ್ಮ ಬೇಪೂರಿನಲ್ಲಿ ಅರಬರಿಗಾಗಿ ಕಟ್ಟುವ ಉರುಗಳ ಬಳಗವೇ ಅದು. ಬಟ್ಟೆಯಂಗಡಿಯ ಗುಜರಾತಿ ಮುದುಕರೊಬ್ಬರು ಚಹಾ ಕೊಡಿಸಿ, ನಾನು ಬ್ಯಾಂಕಿನವನೆಂದು ತಿಳಿದು, "ನಿಮ್ಮ ರೂಪಾಯಿ ಇಲ್ಲಿಯ ನಾಣ್ಯವಾಗಿತ್ತು, ಗೊತ್ತೇ?" ಎಂದು ಕೇಳಿದರು. ಬಂದು ಪುಸ್ತಕ ತೆರೆದು ನೋಡಿದೆ. ನಿಜ. ಕೊಲ್ಲಿ ನಾಡುಗಳಲ್ಲಿ ಭಾರತದ ರೂಪಾಯಿಯೇ ಓಡುತ್ತಿತ್ತು. ಚಿನ್ನದ ಕಳ್ಳಸಾಗಣೆಗೆ ಕಡಿವಾಣ ಹಾಕಲು ರಿಸರ್ವ್ ಬ್ಯಾಂಕು 1959ರಲ್ಲಿ ಆ ಕಡೆಗೆಂದೇ ಬೇರೆ ಬಗೆಯ ನೋಟು ಹೊರಡಿಸಿತು. 1966ರ ಜೂನಿನಲ್ಲಿ ರೂಪಾಯಿಯ ಬೆಲೆ ಇಳಿಸಿ ಡಾಲರಿಗೆ 4.76 ಇದ್ದದ್ದನ್ನು 7.50 ಮಾಡಿದಾಗ ದುಬೈ ನಮ್ಮ ರೂಪಾಯಿಯನ್ನು ಬಿಟ್ಟಿತು. ದಿರ್ಹಮು ಬಂದದ್ದು 1973ರಲ್ಲಿ. ಅಲ್ಲಿಂದ ಬಂದ ಹಣವನ್ನು ಇಪ್ಪತ್ತು ವರ್ಷ ಎಣಿಸಿದ ನನಗೆ, ಒಂದು ಕಾಲಕ್ಕೆ ಅಲ್ಲಿ ಎಣಿಸುತ್ತಿದ್ದದ್ದು ನಮ್ಮ ಹಣವನ್ನೇ ಎಂದು ಗೊತ್ತಿರಲಿಲ್ಲ. ಮೂರು ದಿನದ ಸಭೆಯಲ್ಲಿ ಇದನ್ನು ಯಾರೂ ಹೇಳಲಿಲ್ಲ.

ಸಂಜೆ ನಮ್ಮ ಬದಿಯಡ್ಕದ ಕಡೆಯ ಹುಡುಗನೊಬ್ಬನನ್ನು ಹುಡುಕಿಕೊಂಡು ಮುಹೈಸ್ನಾದ ಕೆಲಸಗಾರರ ಬಿಡಾರಕ್ಕೆ ಹೋದೆ. ಹುಡುಗ ಎಂದೆ, ವಯಸ್ಸು ನಲವತ್ತು ಸಮೀಪ. ಹೋಟೆಲಿನ ಸಭೆಗೆ ಅವನಿಗೆ ಕರೆ ಇರಲಿಲ್ಲ. ದೊಡ್ಡ ಠೇವಣಿಯವರಿಗೆ ಮಾತ್ರ ಕರೆ ಹೋಗಿತ್ತು. ಹದಿನೇಳು ವರ್ಷ ಅಲ್ಲಿದ್ದವನು ಕೆಲಸವಿಲ್ಲದೆ ಒಮ್ಮೆಯೂ ಅಬ್ರಾ ಹತ್ತಿದವನಲ್ಲ. ಹತ್ತಿಸಿದೆ. ದೋಣಿಯಲ್ಲಿ ಕುಳಿತಾಗ ಅವನು ಕೇಳಿದ: "ಅಣ್ಣ, ನನ್ನ ಖಾತೆಗೆ ನಾಮಿನಿ ಅಂತ ಯಾರ ಹೆಸರೂ ಇಲ್ಲ. ತೊಂದರೆ ಉಂಟಾ?"

ತೊಂದರೆ ಉಂಟು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಬಿದ್ದು 158 ಮಂದಿ ತೀರಿಕೊಂಡರು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ದೀಪ ಅಂದು ಆರಿತು. ಗಂಡನ ಪಾಸ್‌ಪುಸ್ತಕ ಹಿಡಿದು ಕೌಂಟರಿನ ಎದುರು ನಿಂತ ಹೆಂಗಸಿಗೆ, ನಾಮಿನಿ ಇಲ್ಲ, ವಾರಸುದಾರರ ಪ್ರಮಾಣಪತ್ರ ತನ್ನಿ ಎಂದು ಹೇಳಬೇಕಾಗುವುದು ಏನೆಂದು ಈ ಕಡೆ ಕುಳಿತವರಿಗೆ ಗೊತ್ತು. ಹೋಟೆಲಿನ ಸಭೆಯಲ್ಲಿ ಬಡ್ಡಿ ದರ ಕೇಳಿದವರು ಬಹಳ ಮಂದಿ, ನಾಮಿನಿಯ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ. ಆ ಪ್ರಶ್ನೆ ಬಂದದ್ದು ದೋಣಿಯಲ್ಲಿ, ನನ್ನ ರಜೆಯ ದಿನ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು, "ಹಾಗಾದರೆ ಆ ದಿನವನ್ನೂ ಡ್ಯೂಟಿ ಎಂದು ಬರೆಯಬಹುದಿತ್ತಲ್ಲ!" ಎಂದರು. ಈ ಮಾತನ್ನು ಮಾತ್ರ ನಾನು ಖಂಡಿಸುತ್ತೇನೆ. ಸಂತೋಷಕ್ಕೆ ಲಾಭದ ಶಿಫಾರಸು ಬೇಕೇ? ಆ ಹುಡುಗ ನಾಮಿನಿಯ ಪ್ರಶ್ನೆ ಕೇಳದಿದ್ದರೂ ನಾನು ಅವನ ಜೊತೆ ದೋಣಿ ಹತ್ತುತ್ತಿದ್ದೆ. ದುಡಿಯುವವನ ಬಿಡುವಿನ ಹೊತ್ತು ಕೂಡ ಯಾರಿಗಾದರೂ ಉಪಯೋಗವಾದರೆ ಮಾತ್ರ ಕ್ಷಮ್ಯ ಎನ್ನುವ ಮನಸ್ಸೇ ಅವನನ್ನು ಹದಿನೇಳು ವರ್ಷ ಬಿಡಾರದಿಂದ ಕೆಲಸಕ್ಕೆ, ಕೆಲಸದಿಂದ ಬಿಡಾರಕ್ಕೆ ಓಡಾಡಿಸಿದ್ದು. ಹಣ ಕಳುಹಿಸಿದವನನ್ನು ಹೊಗಳುತ್ತೇವೆ. ಒಂದು ಶುಕ್ರವಾರ ಸಮುದ್ರ ನೋಡಲು ಹೋದೆ ಎಂದು ಅವನು ಫೋನಿನಲ್ಲಿ ಹೇಳಿದರೆ ನಮ್ಮ ಧ್ವನಿ ಬದಲಾಗುತ್ತದೆ.

ಸಾಹಿತ್ಯದ ಪುಟದಲ್ಲಿ ಈ ಬ್ಯಾಂಕಿನ ಪುರಾಣ ಏಕೆ ಎಂದು ಸಂಪಾದಕರು ಕೇಳಬಹುದು. ಇದೇ ಪುಸ್ತಕದ ಆ ಅರ್ಧದಲ್ಲಿ ಬರೆಯುವ ಮಲಯಾಳದ ಗೆಳೆಯರ ಭಾಷೆಯಲ್ಲಿ 2008ರಲ್ಲಿ ಬೆನ್ಯಾಮಿನ್ ಅವರ 'ಆಡುಜೀವಿತಂ' ಬಂತು. 2024ರಲ್ಲಿ ಸಿನಿಮಾ ಕೂಡ ಆಯಿತು. ಬೆನ್ಯಾಮಿನ್ ಬಹರೈನಿನಲ್ಲಿ ನೌಕರಿಗಿದ್ದವರು. ಕಾದಂಬರಿ ಬರೆಯಲೆಂದು ಯಾವ ಸಂಸ್ಥೆಯೂ ಅವರನ್ನು ಅಲ್ಲಿಗೆ ಕಳುಹಿಸಿರಲಿಲ್ಲ. ಕೆಲಸದ ಆಚೆಗಿನ ಹೊತ್ತಿನಲ್ಲಿ ಮತ್ತೊಬ್ಬರ ಬದುಕಿಗೆ ಕಿವಿಗೊಟ್ಟರು. ನಮ್ಮ ಮಂಜೇಶ್ವರ, ಕುಂಬಳೆ, ಪೆರ್ಲಗಳಿಂದಲೂ ಮಕ್ಕಳು ಅದೇ ವಿಮಾನ ಹತ್ತಿದ್ದಾರೆ. ಆದರೆ ನಾನು ಓದಿದ ಮಟ್ಟಿಗೆ ನಮ್ಮ ಕನ್ನಡದ ಪುಟಗಳಲ್ಲಿ ಕೊಲ್ಲಿ ಬರುವುದು ಮದುವೆಯ ಮಾತುಕತೆಯಲ್ಲಿ, ವರನ ಸಂಬಳವಾಗಿ. 1956ರ ನವೆಂಬರ್ 1ರಂದು ಕಳೆದುಕೊಂಡದ್ದರ ಬಗ್ಗೆ ಬರೆದಷ್ಟು ಬರೆದಿದ್ದೇವೆ, ಬರೆಯಲೇಬೇಕಾಗಿತ್ತು. ಆ ಬಳಿಕ ನಮ್ಮ ಅರ್ಧ ಮನೆ ಸಮುದ್ರದಾಚೆ ಹೋಗಿ ನಿಂತದ್ದು ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ.

ಈಗ ಮಂಗಳೂರಿನಿಂದಲೂ ಕಣ್ಣೂರಿನಿಂದಲೂ ವಿಮಾನವಿದೆ. ಆಡಿಟಿಗೆ, ತರಬೇತಿಗೆ, ಯಂತ್ರ ಜೋಡಿಸಲಿಕ್ಕೆ, ಯಕ್ಷಗಾನದ ಮೇಳದೊಂದಿಗೆ ನಮ್ಮವರು ನಾಲ್ಕು ದಿನ, ಐದು ದಿನ ಹೋಗಿಬರುತ್ತಲೇ ಇದ್ದಾರೆ. ರಜೆಯ ಅರ್ಜಿಯನ್ನು ಹೊರಡುವ ಮೊದಲೇ ಕೊಡಲಿ, ಭತ್ಯೆಯ ಲೆಕ್ಕ ಬೇರೆ ಇಡಲಿ, ಬಳೆಯ ಪಟ್ಟಿಯನ್ನು ಮನೆಯಲ್ಲಿ ಬಿಟ್ಟು ಹೋಗಲಿ. ಬಂದವರು ನಾಲ್ಕು ಪುಟ ಬರೆದು ಕೊಟ್ಟರೆ ಮುಂದಿನ ಸಂಚಿಕೆಗೆ ಸಂಪಾದಕರು ಬೇಡವೆನ್ನಲಾರರು. ಕೈಬರಹ ಚೆನ್ನಾಗಿಲ್ಲದಿದ್ದರೆ ನನ್ನ ಬಳಿ ಕಳುಹಿಸಿ. ಶನಿವಾರ ಸಂಜೆ ಕುಳಿತು ನಾನೇ ಟೈಪು ಮಾಡಿಕೊಡುತ್ತೇನೆ.