ಎರಡೆಕರೆ ಇಪ್ಪತ್ತು ಗುಂಟೆ, ಕಂಪ್ಯೂಟರ್ ಲೆಕ್ಕದಲ್ಲಿ

ಊರಲ್ಲಿ ಜಮೀನಿರುವ ಸ್ನೇಹಿತರಿಗೊಂದು ಪ್ರಶ್ನೆ. ಪಹಣಿಯ ವಿಸ್ತೀರ್ಣದ ಕಾಲಂನಲ್ಲಿ 2.20 ಅಂತ ಇದ್ದರೆ ಅದೆಷ್ಟು? ನಮ್ಮ ಬೆಳಗೊಳದ ಕಡೆ ನಾಲೆ ಏರಿ ಮೇಲೆ ಕೂತ ಯಾವ ಅಜ್ಜನನ್ನು ಕೇಳಿದರೂ ‘ಎರಡೆಕರೆ ಇಪ್ಪತ್ತು ಗುಂಟೆ, ಅಂದ್ರೆ ಎರಡೂವರೆ ಎಕರೆ ಕಣಪ್ಪ’ ಅಂತಾರೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಇದೇ 2.20 ಅನ್ನು ಎಕ್ಸೆಲ್‌ಗೆ ಹಾಕಿ ನೋಡಿ. ಕೊನೆಯ ಸೊನ್ನೆಗೆ ಬೆಲೆಯಿಲ್ಲ ಅಂತ ಅದೇ ತೀರ್ಮಾನಿಸಿ 2.2 ಮಾಡಿಬಿಡುತ್ತೆ. ಮುಂದಿನ ಸಾಫ್ಟ್‌ವೇರ್ ಅದನ್ನು ಎರಡೆಕರೆ ಎರಡು ಗುಂಟೆ ಅಂತ ಓದಿಕೊಂಡರೆ 18 ಗುಂಟೆ ಮಾಯ. ಒತ್ತುವರಿ ಮಾಡಿದವರು ಮಾತ್ರ ಯಾರೂ ಇಲ್ಲ!

ಕೂಡಿಸೋಕೆ ಹೋದರೆ ಇನ್ನೂ ಮಜಾ. 1.30 ಮತ್ತು 1.30 ಸೇರಿಸಿದರೆ ಕಂಪ್ಯೂಟರ್ 2.60 ಅನ್ನುತ್ತೆ. ನಿಜವಾದ ಉತ್ತರ ಮೂರೆಕರೆ ಇಪ್ಪತ್ತು ಗುಂಟೆ.

ಕೈಬರಹದ ಪಹಣಿ ಇದ್ದಾಗ ಈ ತಾಪತ್ರಯ ಇರಲಿಲ್ಲ. ಬರೆಯುವವರಿಗೂ ಓದುವವರಿಗೂ ಆ ಚುಕ್ಕಿಯ ಅರ್ಥ ಗೊತ್ತಿತ್ತು. 2000ದ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಈಗ ಬೆಳೆಸಾಲ, ಬೆಳೆವಿಮೆ, ಫ್ರೂಟ್ಸ್ ಐಡಿ ಅಂತ ಜಮೀನಿನ ವಿವರವನ್ನು ಒಂದು ಯಂತ್ರ ಇನ್ನೊಂದು ಯಂತ್ರಕ್ಕೆ ಹೇಳಬೇಕು. ಯಾವ ರೂಪದಲ್ಲಿ ಹೇಳಬೇಕು ಅನ್ನೋದೇ ಡೇಟಾ ಫಾರ್ಮ್ಯಾಟ್ ಪ್ರಶ್ನೆ. ಆಫೀಸಿನಲ್ಲಿ ಇದರ ಬಗ್ಗೆ ನಡೆಯುವ ಜಗಳ ನೋಡಿದರೆ ಮುದ್ದೆ ಮೇಲೋ ಅನ್ನ ಮೇಲೋ ಅನ್ನುವ ಜಗಳ ನೆನಪಾಗುತ್ತೆ.

ಎಲ್ಲರಿಗೂ ಸುಲಭವಾಗಿ ಸಿಗೋದು ಸಿಎಸ್‌ವಿ. ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾಲುಗಳು, ಅಷ್ಟೇ. ಆದರೆ ಯಾವುದು ಅಂಕಿ, ಯಾವುದು ಪಠ್ಯ ಅಂತ ಅದು ಹೇಳೋದೇ ಇಲ್ಲ, ತೆರೆದವರು ಊಹಿಸಬೇಕು. ಸರ್ವೆ ನಂಬರ್ 12, ಹಿಸ್ಸಾ 3 ಅನ್ನು 12/3 ಅಂತ ಬರೆದಿದ್ದರೆ ಎಕ್ಸೆಲ್ ಅದನ್ನು ಮಾರ್ಚ್ 12 ಮಾಡುತ್ತೆ. ನಗಬೇಡಿ, ವಿಜ್ಞಾನಿಗಳಿಗೂ ಇದೇ ಗತಿ. ಮಾರ್ಚ್1, ಸೆಪ್ಟ್1 ಅಂತ ಹೆಸರಿದ್ದ ಮನುಷ್ಯರ ಜೀನ್‌ಗಳು ಎಕ್ಸೆಲ್‌ನಲ್ಲಿ ತಾರೀಕಾಗುತ್ತಿವೆ ಅಂತ 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು! ನಾವು ಎಕ್ಸೆಲ್‌ಗೋಸ್ಕರ ಮರುಸರ್ವೆ ಮಾಡಿಸೋಕಾಗುತ್ತಾ?

1998ರಲ್ಲಿ ಬಂದ ಎಕ್ಸ್‌ಎಂಎಲ್ ಅನ್ನು ನಮ್ಮ ವಯಸ್ಸಿನವರು ಹಳೇದು ಅಂತ ಮೂಗು ಮುರೀತಾರೆ. ಪ್ರತಿ ವಿವರದ ಹಿಂದೆ ಮುಂದೆ ಟ್ಯಾಗ್ ಹಾಕಬೇಕು, ಭಾರ ಜಾಸ್ತಿ, ನಿಜ. ಆದರೆ ನೀವು ಚಹಾದಂಗಡಿಯಲ್ಲಿ ಹತ್ತು ರೂಪಾಯಿ ಯುಪಿಐ ಮಾಡಿದಾಗ ಹಿಂದೆ ಬ್ಯಾಂಕುಗಳ ನಡುವೆ ಓಡಾಡೋದು ಎಕ್ಸ್‌ಎಂಎಲ್ಲೇ. ಆಧಾರ್ ದೃಢೀಕರಣವೂ ಹಾಗೇ. ಅದರ ಜೊತೆ ಸ್ಕೀಮಾ ಇಟ್ಟು, ಗುಂಟೆ 0ಯಿಂದ 39ರೊಳಗೇ ಇರಬೇಕು ಅಂತ ಕಟ್ಟುನಿಟ್ಟು ಮಾಡಬಹುದು. 60 ಗುಂಟೆ ಅಂತ ಯಾರಾದರೂ ಕಳಿಸಿದರೆ ಬಾಗಿಲಲ್ಲೇ ವಾಪಸ್.

ನನ್ನ ಆಯ್ಕೆ ಕೇಳಿದರೆ ಜೇಸನ್. ಹಗುರ, ಕಣ್ಣಲ್ಲಿ ಓದಬಹುದು, ಎಲ್ಲಾ ಭಾಷೆಯ ಪ್ರೋಗ್ರಾಮ್‌ಗಳಿಗೂ ಬರುತ್ತೆ. ಜಿಎಸ್‌ಟಿ ರಿಟರ್ನ್ ಅಪ್‌ಲೋಡ್ ಮಾಡೋದೂ ಇದರಲ್ಲೇ. ಆದರೆ ಜೇಸನ್ ಬಂತು ಅಂದಾಕ್ಷಣ ಗುಂಟೆ ಉಳಿಯಲ್ಲ. ಅಲ್ಲೂ 2.20 ಅಂತ ಅಂಕಿಯಾಗಿ ಬರೆದರೆ ಓದುವ ಪ್ರೋಗ್ರಾಂ 2.2 ಅಂತಲೇ ತಗೊಳ್ಳುತ್ತೆ. ಹಾಗಾಗಿ ಎಕರೆ: 2, ಗುಂಟೆ: 20, ಆಣೆ: 0 ಅಂತ ಬೇರೆ ಬೇರೆ ಕಳಿಸಬೇಕು. ಅನೇಕ ಪೇಮೆಂಟ್ ಗೇಟ್‌ವೇಗಳು ರೂಪಾಯಿ ಬಿಟ್ಟು ಪೈಸೆಯಲ್ಲಿ ಲೆಕ್ಕ ಕಳಿಸುವ ಹಾಗೆ ಎಲ್ಲವನ್ನೂ ಆಣೆಗೆ ತಿರುಗಿಸಿ 1600 ಅಂತ ಒಂದೇ ಅಂಕಿ ಕಳಿಸೋಣ ಅನ್ನುವವರೂ ಇದ್ದಾರೆ. ಲೆಕ್ಕಕ್ಕೆ ಅದು ಸರಿ. ಆದರೆ ನಾಳೆ ತಕರಾರು ಬಂದಾಗ ನಾಡಕಚೇರಿಯಲ್ಲಿ ಒಬ್ಬರು ಪಹಣಿ ಪಕ್ಕದಲ್ಲಿಟ್ಟು ತಾಳೆ ನೋಡಬೇಕಲ್ಲ? ಅವರಿಗೆ 1600 ಅಂದ್ರೆ ಏನೂ ಹೊಳೆಯಲ್ಲ. ಬಿಡಿಸಿ ಬರೆಯೋದೇ ವಾಸಿ. ಗುಂಟೆ 39 ದಾಟಬಾರದು ಅನ್ನೋ ತಪಾಸಣೆಗೆ ಜೇಸನ್‌ಗೂ ಸ್ಕೀಮಾ ಇದೆ, ಸೋಮಾರಿತನ ಬಿಟ್ಟು ಬರೀಬೇಕು. ಪ್ರೊಟೊಬಫ್ ಇನ್ನೂ ವೇಗ ಅಂತೀರಾ, ನಿಮ್ಮದೇ ಎರಡು ಸರ್ವರ್ ನಡುವೆ ಬಳಸಿಕೊಳ್ಳಿ.

ಇನ್ನು ಊರಿನ ಹೆಸರು. 2017ರ ಜೇಸನ್ ನಿಯಮದ ಪ್ರಕಾರ ಬೇರೆ ಬೇರೆ ವ್ಯವಸ್ಥೆಗಳ ನಡುವೆ ಕಳಿಸುವಾಗ ಯುಟಿಎಫ್-8 ಕಡ್ಡಾಯ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತವಾದರೆ ಮೊದಲು ಯೂನಿಕೋಡ್‌ಗೆ ತರಬೇಕು, ಇಲ್ಲಾಂದ್ರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತೆ. ಯೂನಿಕೋಡ್‌ನಲ್ಲೂ ಒಂದು ಕಿತಾಪತಿ ಇದೆ. ಬೆಳಗೊಳದ ‘ಗೊ’ ನೋಡಿ. ಅದರ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ಇಳಿ ಎರಡನ್ನು ಸೇರಿಸಿಯೂ ಬರೆಯಬಹುದು. ಮೊದಲನೆಯದರಲ್ಲಿ ‘ಬೆಳಗೊಳ’ ಆರು ಸಂಕೇತ, ಎರಡನೆಯದರಲ್ಲಿ ಏಳು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಊರು! ಎನ್‌ಎಫ್‌ಸಿ ಅನ್ನುವ ಒಂದೇ ರೂಪಕ್ಕೆ ತಂದು ಕಳಿಸಿದರೆ ಇದು ಬಗೆಹರಿಯುತ್ತೆ. ಇಂಗ್ಲಿಷ್ ಸ್ಪೆಲಿಂಗ್‌ನಲ್ಲಂತೂ ನಮ್ಮೂರಿಗೆ ಎಷ್ಟು ರೂಪವೋ. ಹೆಸರಿನ ಜೊತೆ ಕೇಂದ್ರ ಸರ್ಕಾರದ ಎಲ್‌ಜಿಡಿ ಗ್ರಾಮ ಕೋಡ್ ಕಳಿಸಿ, ಹೊಂದಾಣಿಕೆಗೆ ಕೋಡನ್ನೇ ನಂಬಿ.

ಮನೆಯವರು ಜಮೀನಿನ ವಿವರ ಎಕ್ಸೆಲ್‌ನಲ್ಲಿ ಹಾಕ್ಕೊಡು ಅಂದರೆ, ಟೈಪ್ ಮಾಡುವ ಮುಂಚೆ ಸರ್ವೆ ನಂಬರ್ ಮತ್ತು ವಿಸ್ತೀರ್ಣದ ಕಾಲಂಗಳನ್ನು ಟೆಕ್ಸ್ಟ್ ಅಂತ ಬದಲಾಯಿಸಿಕೊಳ್ಳಿ. ಆಮೇಲೆ ಬದಲಾಯಿಸಿದರೆ ಹೋದ ಸೊನ್ನೆ ವಾಪಸ್ ಬರಲ್ಲ.