ಮಂಗಳವಾರ ಯಾರು ಬರ್ತೀರಿ?

ಭಾನುವಾರ ರಾತ್ರಿ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಸುತ್ತಮುತ್ತ ಹಸಿದುಕೊಂಡು ಮಲಗೋದು ಸ್ವಲ್ಪ ಕಷ್ಟವೇ. ಎಂಟು ಗಂಟೆಗೆ ಒಂದು ಕಾರಿನಲ್ಲಿ ಪಲಾವ್ ಬರುತ್ತೆ. ಎಂಟೂವರೆಗೆ ಇನ್ನೊಂದರಲ್ಲಿ ಚಪಾತಿ, ಸಾಗು. ಅದರ ಹಿಂದೆಯೇ ಯಾರದೋ ಮಗುವಿನ ಬರ್ತ್‌ಡೇ ಬಿರಿಯಾನಿ, ಜೊತೆಗೆ ಒಂದೊಂದು ತುಂಡು ಕೇಕು. ಹತ್ತು ಗಂಟೆ ಹೊತ್ತಿಗೆ ಬಿಚ್ಚದೇ ಇರೋ ಪೊಟ್ಟಣಗಳು ಫುಟ್‌ಪಾತಿನ ಮೇಲೆ ಬಿದ್ದಿರುತ್ತವೆ. ಬೀದಿನಾಯಿಗಳಿಗೂ ಅವತ್ತು ಹಬ್ಬ.

ಮಂಗಳವಾರ ರಾತ್ರಿ ಅದೇ ಜಾಗಕ್ಕೆ ಹೋಗಿ ನೋಡಿ. ಅದೇ ಜನ, ಅದೇ ಗೋಣಿಚೀಲ, ಅದೇ ರಟ್ಟಿನ ಹಾಸಿಗೆ. ಕಾರು ಮಾತ್ರ ಒಂದೂ ಇಲ್ಲ.

ಬೀದಿಯಲ್ಲಿ ಮಲಗೋರಿಗೆ ಊಟ ಬಡಿಸೋ ಕೆಲಸಕ್ಕೆ ನಾನು ಹೋಗೋಕೆ ಶುರು ಮಾಡಿ ಒಂದೂವರೆ ವರ್ಷ ಆಯ್ತು. ನಮ್ಮ ಗುಂಪಿಗೆ ಹೆಸರಿಲ್ಲ, ಬ್ಯಾನರಿಲ್ಲ, ಟೀಶರ್ಟೂ ಇಲ್ಲ. ಇರೋದು ಒಂದು ವಾಟ್ಸಾಪ್ ಗ್ರೂಪು, ಹನ್ನೊಂದು ಜನ. ಎಂಟು ಜನ ನನ್ನ ಹಾಗೆ ಸಾಫ್ಟ್‌ವೇರಿನವರು, ಒಬ್ಬರು ಬ್ಯಾಂಕಿನವರು, ಒಬ್ಬರು ಪಿಯು ಕಾಲೇಜಿನ ಮೇಡಂ, ಇನ್ನೊಬ್ಬರು ಇವೆಲ್ಲವನ್ನೂ ಬೇಯಿಸಿಕೊಡೋ ಚಾಮರಾಜಪೇಟೆಯ ಆಂಟಿ. ಮಂಗಳವಾರ ಮತ್ತು ಗುರುವಾರ ರಾತ್ರಿ ಎಂಟು ಗಂಟೆಗೆ ಅರವತ್ತು ಊಟ. ಅಷ್ಟೇ ನಮ್ಮ ಯೋಗ್ಯತೆ. ಇದನ್ನ ಹೇಳಿಕೊಳ್ಳೋಕೆ ಈ ಪೋಸ್ಟ್ ಬರೀತಿಲ್ಲ. ಇಷ್ಟು ದಿನ ನೋಡಿದ ಮೇಲೆ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿರೋ ಒಂದು ಮಾತನ್ನ ನಿಮ್ಮ ಮುಂದೆ ಇಡಬೇಕು ಅನ್ನಿಸ್ತು. ಹಸಿದವರಿಗೆ ಕೊಡೋ ಊಟದಲ್ಲಿ ಅನ್ನಕ್ಕಿಂತ ಮುಖ್ಯವಾದದ್ದು ವೇಳೆ. ಯಾವತ್ತು, ಎಷ್ಟು ಹೊತ್ತಿಗೆ ಬರುತ್ತೆ ಅಂತ ಗೊತ್ತಿರದ ಊಟ ಅರ್ಧ ಊಟ ಮಾತ್ರ.

ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಇದು ಲೋಡ್ ಬ್ಯಾಲೆನ್ಸಿಂಗ್ ಸಮಸ್ಯೆ. ಭಾನುವಾರ ನಾಲ್ಕು ಸರ್ವರ್ ಆನ್ ಇರುತ್ತವೆ, ವಾರದ ದಿನ ನಾಲ್ಕೂ ಡೌನ್. ಇಂಥ ಸಿಸ್ಟಮ್ ಕಟ್ಟಿಕೊಟ್ರೆ ಕ್ಲೈಂಟ್ ನಮ್ಮನ್ನ ಅವತ್ತೇ ಮನೆಗೆ ಕಳಿಸ್ತಾನೆ :) ಆದ್ರೆ ಇಲ್ಲಿ ಕ್ಲೈಂಟಿಗೆ ಬಾಯಿಲ್ಲ. ಕೊಟ್ಟಾಗ ತಗೋಬೇಕು, ಕೊಡದಿದ್ದಾಗ ಸುಮ್ಮನಿರಬೇಕು.

"ಏನೂ ಕೊಡದೇ ಇರೋದಕ್ಕಿಂತ ಭಾನುವಾರ ಒಂದು ದಿನ ಕೊಡೋದು ಮೇಲಲ್ವಾ?" ಅಂತ ನನ್ನ ರೂಮ್‌ಮೇಟ್ ಕೇಳಿದ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಯಾದಗಿರಿ ಕಡೆಯ ಒಬ್ಬ ಹಮಾಲರಿಂದ. ವಯಸ್ಸು ಐವತ್ತರ ಮೇಲೆ. ರಾತ್ರಿ ತರಕಾರಿ ಲಾರಿ ಬಂದಾಗ ಮೂಟೆ ಇಳಿಸ್ತಾರೆ, ಅದಕ್ಕೂ ಮುಂಚೆ ನಾಲ್ಕು ಗಂಟೆ ಮಲಗ್ತಾರೆ. ಅವರ ಬೀದಿಗೆ ಮೊದಲು ಯಾವುದೋ ಒಂದು ತಂಡ ಬರ್ತಿತ್ತಂತೆ. ಕೆಲವು ವಾರ ಬುಧವಾರ, ಕೆಲವು ವಾರ ಶುಕ್ರವಾರ, ಒಮ್ಮೆ ಎಂಟಕ್ಕೆ, ಒಮ್ಮೆ ಹತ್ತೂವರೆಗೆ. ಆಮೇಲೆ ಒಂದು ದಿನ ಬರೋದೇ ನಿಂತುಹೋಯ್ತು.

"ತಮ್ಮಾ, ನೀವು ಬರ್ತೀರಂದ್ರ ನಾ ಖಾನಾವಳಿಗೆ ಹೋಗಂಗಿಲ್ಲ. ರೊಕ್ಕ ಉಳೀತೈತಿ, ಮನಿಗೆ ಕಳಸ್ತೀನಿ. ಬರಂಗಿಲ್ಲಂದ್ರ ಮೊದ್ಲ ಹೇಳಿಬಿಡ್ರಿ. ಹಾದಿ ನೋಡ್ಕೊಂತ ಕುಂತ್ರ ಅಂಗಡಿ ಮುಚ್ಚತಾವ, ಆಮ್ಯಾಲೆ ನೀರು ಕುಡದು ಮೂಟಿ ಹೊರಬೇಕಾಗತೈತಿ."

ಲೆಕ್ಕ ನೋಡಿ. ಆ ತಂಡದವರಿಗೆ ತಪ್ಪಿದ್ದು ಒಂದು ಶುಕ್ರವಾರದ ಸುತ್ತಾಟ. ಇವರಿಗೆ ತಪ್ಪಿದ್ದು ಊಟ, ಅದೂ ದುಡ್ಡು ಜೇಬಲ್ಲಿ ಇದ್ದೂ. ಪುಕ್ಕಟೆ ಊಟಕ್ಕೂ ಬೆಲೆ ಇದೆ, ಅದನ್ನ ಕಾಯುವವರು ಕಟ್ಟುತ್ತಾರೆ. ಬರ್ತೀವಿ ಅಂತ ಆಸೆ ಹುಟ್ಟಿಸಿ ಬರದೇ ಇರೋದು ಏನೂ ಕೊಡದೇ ಇರೋದಕ್ಕಿಂತ ಕೆಟ್ಟದ್ದು ಅಂತ ನಾನು ನಂಬೋದು ಇದಕ್ಕೇ.

ಇನ್ನೊಂದು ವಿಷಯ. 'ಮನೆ ಇಲ್ಲದವರು' ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಸಿಗ್ನಲ್ಲಿನಲ್ಲಿ ಕೈ ಚಾಚೋರು. ನಾನು ನೋಡಿದವರಲ್ಲಿ ಹೆಚ್ಚಿನವರು ದುಡಿಯೋರು. ಮೂಟೆ ಹೊರೋರು, ರಟ್ಟು ಪ್ಲಾಸ್ಟಿಕ್ ಆಯೋರು, ಹೂವಿನ ದಂಡೆ ಕಟ್ಟೋ ಅಜ್ಜಿಯರು, ಗಾರೆ ಕೆಲಸದವರು. ಮದುವೆ ಛತ್ರದಲ್ಲಿ ನಮಗೆ ಹೋಳಿಗೆ ಬಡಿಸಿ, ಪಾತ್ರೆ ತೊಳೆದು, ರಾತ್ರಿ ಹನ್ನೆರಡಕ್ಕೆ ಬಂದು ಫುಟ್‌ಪಾತಿನಲ್ಲಿ ಮಲಗೋ ಹುಡುಗರೂ ಇದ್ದಾರೆ. ಪಕ್ಕದಲ್ಲೇ ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗಳಿವೆ. ಅಲ್ಲಿ ಒಳಗೆ ಮಗಳೋ ಗಂಡನೋ ಮಲಗಿದ್ದು, ಹೊರಗೆ ಚಾಪೆ ಹಾಸಿಕೊಂಡವರು ಬೇರೆ. ಅವರಿಗೆ ಊರಲ್ಲಿ ಮನೆ ಇದೆ, ಇಲ್ಲಿ ಇಲ್ಲ.

2011ರ ಜನಗಣತಿಯಲ್ಲಿ ಫೆಬ್ರವರಿ 28ರ ಒಂದೇ ರಾತ್ರಿ ದೇಶದಲ್ಲೆಲ್ಲ ಮನೆಯಿಲ್ಲದವರನ್ನ ಎಣಿಸಿದ್ರು. ಸಿಕ್ಕ ಲೆಕ್ಕ ಸುಮಾರು 17.7 ಲಕ್ಷ, ಅದರಲ್ಲಿ ಪಟ್ಟಣಗಳಲ್ಲೇ 9.38 ಲಕ್ಷ. ಒಂದು ರಾತ್ರಿಯಲ್ಲಿ, ಟಾರ್ಚ್ ಹಿಡಿದು, ಸೇತುವೆ ಕೆಳಗೆ, ಅಂಗಡಿ ಜಗಲಿ ಮೇಲೆ ಮಲಗಿದವರನ್ನೆಲ್ಲ ಎಣಿಸೋದು ಸಾಧ್ಯವೇ? ನಮ್ಮ ಅರವತ್ತು ತಟ್ಟೆಗಳ ಲೆಕ್ಕವೇ ಪ್ರತಿ ವಾರ ತಪ್ಪುತ್ತೆ.

ಈಗ ಫೋಟೋ ವಿಷಯ. ಬ್ಲಾಗ್ ಬರೆಯೋ ನಾವೆಲ್ಲ ಫೋಟೋಪ್ರಿಯರೇ. ಆದ್ರೆ ಊಟ ಕೊಡೋವಾಗ ಕ್ಯಾಮೆರಾ ಹೊರಗೆ ಬರಬಾರದು ಅಂತ ನಮ್ಮ ಗುಂಪಿನ ಒಂದೇ ಕಾನೂನು. ಮರ್ಯಾದೆ ಪ್ರಶ್ನೆ ಹಾಗಿರಲಿ, ಅದಕ್ಕಿಂತ ನೇರವಾದ ಕಾರಣ ಇದೆ. ಎಷ್ಟೋ ಜನ ಊರಲ್ಲಿ "ಬೆಂಗಳೂರಲ್ಲಿ ಹೋಟ್ಲಲ್ಲಿ ಕೆಲಸ, ರೂಮು ಕೊಟ್ಟಿದಾರೆ" ಅಂತ ಹೇಳಿರ್ತಾರೆ. ಹೆಂಡತಿ, ಮಕ್ಕಳು, ಮಗಳ ಬೀಗರು ಎಲ್ಲ ಅದನ್ನೇ ನಂಬಿರ್ತಾರೆ. ಈಗ ಪ್ರತಿ ಹಳ್ಳಿಯಲ್ಲೂ ಫೋನಿದೆ. ತಟ್ಟೆ ಹಿಡಿದು ನಿಂತ ಒಂದು ಚಿತ್ರ ಊರಿಗೆ ತಲುಪೋಕೆ ಎಷ್ಟು ಹೊತ್ತು? ಒಂದು ಹೊತ್ತಿನ ಊಟ ಕೊಟ್ಟು, ಅವರು ಹತ್ತು ವರ್ಷ ಕಾಪಾಡಿಕೊಂಡು ಬಂದ ಮಾನ ತೆಗೆದುಕೊಂಡ ಹಾಗಾಗುತ್ತೆ.

ಏನು ಕೊಡಬೇಕು ಅನ್ನೋದರ ಬಗ್ಗೆಯೂ ಒಂದೆರಡು ಮಾತು, ಹೊಸದಾಗಿ ಹೊರಡೋರಿಗೆ ಉಪಯೋಗ ಆಗಬಹುದು. ಸಾಂಬಾರನ್ನ ಅನ್ನದ ಮೇಲೇ ಸುರಿದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ್ರೆ ಬೇಸಿಗೆಯಲ್ಲಿ ಕೆಲವೇ ಗಂಟೆಯಲ್ಲಿ ಹಳಸಿಬಿಡುತ್ತೆ. ಬೇಯಿಸಿದ ಊಟವನ್ನ 60 ಡಿಗ್ರಿಗಿಂತ ಬಿಸಿಯಾಗಿ ಇಟ್ಟು ಬಡಿಸಬೇಕು ಅನ್ನೋದು ಆಹಾರ ಸುರಕ್ಷತೆಯ ಮೂಲಪಾಠ. ಅದು ಆಗಲ್ಲ ಅಂದ್ರೆ ಹುಣಸೆಹುಳಿ ಎಣ್ಣೆ ಚೆನ್ನಾಗಿ ಬಿದ್ದಿರೋ ಪುಳಿಯೋಗರೆ ವಾಸಿ. ಆದ್ರೆ ಹಲ್ಲಿಲ್ಲದ ಅಜ್ಜ ಅಜ್ಜಿಯರಿಗೆ ಅದೂ ಕಷ್ಟ, ಚಪಾತಿ ಅಂತೂ ಆಗೋದೇ ಇಲ್ಲ. ಅವರಿಗೆ ಮೆತ್ತಗಿನ ಅನ್ನ, ತಿಳಿಸಾರು ಬೇಕು. ಕೇಕು ಯಾರೂ ಕೇಳಲ್ಲ, ಬಾಳೆಹಣ್ಣು ಎಲ್ಲರೂ ಕೇಳ್ತಾರೆ. ಕುಡಿಯೋ ನೀರು ಮರೆಯಲೇಬೇಡಿ.

ಹೂವು ಕಟ್ಟೋ ಒಬ್ಬ ಅಜ್ಜಿ ರಾತ್ರಿ ಊಟ ತಗೊಂಡು ಅರ್ಧ ತಿಂದು ಅರ್ಧ ಕಟ್ಟಿ ಇಡ್ತಾರೆ. ಸೇರಲಿಲ್ವಾ ಅಜ್ಜಿ ಅಂತ ನಮ್ಮ ಮೇಡಂ ಕೇಳಿದ್ದಕ್ಕೆ, "ಹೊಟ್ಟೆ ತುಂಬಾ ತಿಂದ್ರೆ ರಾತ್ರಿ ಎಲ್ಲಿಗ್ ಹೋಗ್ಲವ್ವಾ?" ಅಂದ್ರು. ಶೌಚಾಲಯಕ್ಕೆ ರಾತ್ರಿ ಬೀಗ. ನಾವು ಎಷ್ಟೇ ರುಚಿಯಾಗಿ ಮಾಡಿಕೊಟ್ರೂ ಆ ಬೀಗ ತೆಗೆಯೋತನಕ ಅಜ್ಜಿ ಹೊಟ್ಟೆ ತುಂಬಾ ಉಣ್ಣಲ್ಲ. ಕೇಳಿದ್ರೆ ತಾನೇ ಇದು ಗೊತ್ತಾಗೋದು? ಡಿಕ್ಕಿಯಿಂದ ಪೊಟ್ಟಣ ಹಂಚಿ ಹತ್ತು ನಿಮಿಷಕ್ಕೆ ಹೊರಟುಬಿಟ್ರೆ ಯಾರು ಹೇಳ್ತಾರೆ?

"ಇದೆಲ್ಲ ಸರ್ಕಾರದ ಕೆಲಸ ಅಲ್ವೇನ್ರೀ" ಅನ್ನೋರೂ ಇದ್ದಾರೆ. ಹೌದು, ಸರ್ಕಾರದ ಕೆಲಸವೇ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ರು. ನನ್ನ ಪ್ರಕಾರ ಅದು ಯಾವ ಭಾನುವಾರದ ಬಿರಿಯಾನಿಗಿಂತಲೂ ದೊಡ್ಡ ಕೆಲಸ. ಯಾಕೆ ಗೊತ್ತಾ? ಅಲ್ಲಿ ದುಡ್ಡು ಕೊಟ್ಟು ಉಣ್ಣಬಹುದು, ಯಾರಿಗೂ ಕೈ ಮುಗಿಯಬೇಕಿಲ್ಲ, ಎಷ್ಟು ಹೊತ್ತಿಗೆ ತೆಗೆಯುತ್ತೆ ಅಂತ ಗೊತ್ತಿರುತ್ತೆ. 2013ರಲ್ಲಿ ಅನ್ನಭಾಗ್ಯ ಬಂತು, ಅದೂ ಒಳ್ಳೆಯದೇ. ಆದ್ರೆ ಫುಟ್‌ಪಾತಿನಲ್ಲಿರೋರಿಗೆ ಅಕ್ಕಿ ಸಿಕ್ಕರೂ ಬೇಯಿಸೋಕೆ ಒಲೆ ಎಲ್ಲಿ, ಇಡೋಕೆ ಡಬ್ಬಿ ಎಲ್ಲಿ?

ಕೇಂದ್ರ ಸರ್ಕಾರದ ನಗರ ಜೀವನೋಪಾಯ ಯೋಜನೆಯ ನಿಯಮದಲ್ಲಿ ಪ್ರತಿ ಒಂದು ಲಕ್ಷ ನಗರವಾಸಿಗಳಿಗೆ ಒಂದು ರಾತ್ರಿ ತಂಗುದಾಣ ಇರಬೇಕು ಅಂತಿತ್ತು. 2011ರಲ್ಲೇ ಬೆಂಗಳೂರು ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ ದಾಟಿತ್ತು. ಅಂದ್ರೆ ಆ ಲೆಕ್ಕಕ್ಕೇ 84 ತಂಗುದಾಣ ಬೇಕು. ನಿಮ್ಮ ಮನೆ ಹತ್ತಿರ ಒಂದಾದರೂ ಕಂಡಿದ್ದೀರಾ? ನಮ್ಮ ಏರಿಯಾದಲ್ಲಿ ನಾನಂತೂ ಕಂಡಿಲ್ಲ.

ಇನ್ನೊಂದು ಕಡೆ, ಭಿಕ್ಷಾಟನೆ ನಿಷೇಧ ಕಾಯ್ದೆ 1975ರಿಂದಲೂ ಇದೆ. ನಾವು ಕಟ್ಟೋ ಆಸ್ತಿ ತೆರಿಗೆಯ ಮೇಲೆ ಶೇಕಡಾ 3 ಭಿಕ್ಷುಕರ ಸೆಸ್ ಅಂತ ಸೇರಿಸಿ ವಸೂಲಿ ಮಾಡೋದು ಇದರ ಹೆಸರಲ್ಲೇ. ಭಿಕ್ಷೆ ಬೇಡೋರು ಅಂತ ಹಿಡಿದವರನ್ನ ಕೇಂದ್ರಗಳಲ್ಲಿ ಇಡ್ತಾರೆ. 2010ರ ಆಗಸ್ಟಿನಲ್ಲಿ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಸಾಲುಸಾಲಾಗಿ ಜನ ಸತ್ತಿದ್ದು ಪೇಪರಿನಲ್ಲಿ ಬಂದಿತ್ತು. ಬೀದಿಯವರು ಅದನ್ನ ಮರೆತಿಲ್ಲ. ರಾತ್ರಿ ಹೊತ್ತು ಗಾಡಿ ನಿಂತು ನಾಲ್ಕು ಜನ ದಬದಬ ಇಳಿದ್ರೆ ಕೆಲವರು ಎದ್ದು ಓಡೋದು ಯಾಕೆ ಅಂತ ಈಗ ಅರ್ಥ ಆಯ್ತಾ? ಗೊತ್ತಿರೋ ಮುಖ, ಗೊತ್ತಿರೋ ಹೊತ್ತು ಆದ್ರೆ ಓಡೋದಿಲ್ಲ. ಇಲ್ಲೂ ಮತ್ತೆ ವೇಳೆಯ ಪ್ರಶ್ನೆಯೇ ಬಂತು ನೋಡಿ.

ಹಾಗಂತ ಊರಲ್ಲಿ ಊಟಕ್ಕೇನು ಬರ ಇಲ್ಲ. 2012ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಇಲ್ಲಿನ ಮದುವೆ ಛತ್ರಗಳನ್ನ ಸಮೀಕ್ಷೆ ಮಾಡಿ, ವರ್ಷಕ್ಕೆ 943 ಟನ್ ಒಳ್ಳೆಯ ಊಟ ಹಾಳಾಗುತ್ತೆ ಅಂತ ಲೆಕ್ಕ ಕೊಟ್ಟಿದ್ರು. ಬರ ಇರೋದು ಅದನ್ನ ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ತಲುಪಿಸೋ ಕೈಗಳಿಗೆ.

ಇದು ನಮಗೆ ಹೊಸ ವಿದ್ಯೆಯೇನಲ್ಲ. ಧರ್ಮಸ್ಥಳದಲ್ಲಿ, ಸಿದ್ಧಗಂಗೆಯಲ್ಲಿ ಉಂಡವರಿಗೆ ಗೊತ್ತು. ಅಲ್ಲಿ ಯಾರ ಹುಟ್ಟುಹಬ್ಬ ಅಂತ ಕೇಳಿ ಒಲೆ ಹಚ್ಚಲ್ಲ. ದಿನಾ ಹಚ್ಚುತ್ತಾರೆ. ಪಂಕ್ತಿಯಲ್ಲಿ ಕೂತವರನ್ನ ನೀನ್ಯಾರು ಅಂತ ಕೇಳಲ್ಲ. ಶರಣರು ಇದಕ್ಕೆ ದಾನ ಅನ್ನಲಿಲ್ಲ, ದಾಸೋಹ ಅಂದ್ರು. ಬಡಿಸೋನು ದಾಸ, ಉಣ್ಣೋನು ದೊಡ್ಡವನು. ದಾಸನಿಗೆ ಇವತ್ತು ಮೂಡಿಲ್ಲ, ಮುಂದಿನ ವಾರ ಬರ್ತೀನಿ ಅನ್ನೋ ಸ್ವಾತಂತ್ರ್ಯ ಇಲ್ಲ!

ಹಾಗಾಗಿ ಗೆಳೆಯರೆ, ಈ ಕೆಲಸಕ್ಕೆ ಹೊರಡೋ ಮನಸ್ಸಿದ್ರೆ ನನ್ನ ಸಲಹೆ ಮೂರೇ. ಒಂದು, ಹೊಸ ಗುಂಪು ಕಟ್ಟೋ ಮುಂಚೆ ಆ ಬೀದಿಗೆ ಈಗಾಗಲೇ ಯಾರು, ಯಾವತ್ತು ಬರ್ತಾರೆ ಅಂತ ಅಲ್ಲಿರೋರನ್ನೇ ಕೇಳಿ, ಖಾಲಿ ಇರೋ ದಿನ ಹಿಡಿಯಿರಿ. ಎರಡು, ಇನ್ನೂರು ಊಟ ತಿಂಗಳಿಗೊಮ್ಮೆ ಬೇಡ, ಐವತ್ತು ಊಟ ವಾರವಾರ ಇರಲಿ. ರಿಲೀಸ್ ಇದ್ರೂ, ಮಳೆ ಬಂದ್ರೂ, ಮ್ಯಾಚ್ ಇದ್ರೂ. ಮೂರು, ನಿಲ್ಲಿಸೋ ದಿನ ಬಂದ್ರೆ ಎರಡು ವಾರ ಮುಂಚೆ ಹೇಳಿ ನಿಲ್ಲಿಸಿ. ಕಂಪನಿ ಬಿಡೋವಾಗ ಎರಡು ಮೂರು ತಿಂಗಳು ನೋಟಿಸ್ ಕೊಡ್ತೀವಿ. ಊಟಕ್ಕೆ ಕಾಯೋ ಮನುಷ್ಯರಿಗೆ ಎರಡು ವಾರ ಕೊಡೋಕಾಗಲ್ವಾ?

ಹುಬ್ಬಳ್ಳಿ, ಮೈಸೂರು, ಮಂಗಳೂರಿನ ಬಸ್‌ಸ್ಟ್ಯಾಂಡುಗಳಲ್ಲಿ ಈ ಕೆಲಸ ಮಾಡ್ತಿರೋರು ನಿಮ್ಮಲ್ಲೂ ಇರಬಹುದು. ಇದ್ರೆ ನಿಮ್ಮ ಅನುಭವ ಬರೆಯಿರಿ, ನಾನು ಹೇಳಿದ್ದು ತಪ್ಪು ಅನ್ನಿಸಿದ್ರೂ ಬರೆಯಿರಿ. ಬೆಂಗಳೂರಿನವರಿಗೆ ಮಾತ್ರ ಒಂದು ನೇರ ಕೋರಿಕೆ. ನಮ್ಮ ಬೀದಿಯಲ್ಲಿ ಸೋಮವಾರ ಮತ್ತು ಬುಧವಾರ ಇನ್ನೂ ಖಾಲಿ ಇವೆ.